ಗಾಡಿ ಕೆಮ್ಮಲಿ, ಗರ್ಜಿಸೂದು ಬ್ಯಾಡ

ಈ ಸಲ ಉಪ್ಪಿನಕಾಯಿ ಸುದ್ದಿ ಇಲ್ಲ, ಹಪ್ಪಳದ ಸುದ್ದಿನೂ ಇಲ್ಲ. ಗಾಡಿ ಸುದ್ದಿ. "ಅದು ಗಂಡಸರ ವಿಷಯ, ನಮಗ್ಯಾಕ" ಅಂತ ಮುಂದ ಹೋಗಬ್ಯಾಡ್ರಿ. ನಮ್ಮೊಳಗೂ ಗಾಡಿ ನಡಸವರು ಭಾಳ ಮಂದಿ ಅದಾರ, ಅದು ಇರಲಿ. ಆದ್ರ ಗಾಡಿ ಹಾಯೂ ಓಣ್ಯಾಗ ದಿನಾ ಕಾಲನಡಿಗಿಲೆ ಓಡಾಡೂದು ಯಾರು? ಹಾಲ ತರ್ಲಿಕ್ಕೆ, ಗುಡಿಗೆ, ಕಾಯಿಪಲ್ಯಾಕ್ಕ, ಕೂಸನ್ನ ಶಾಲಿ ಬಸ್ಸಿಗೆ ಹತ್ತಸ್ಲಿಕ್ಕೆ ಹೋಗೂದು ನಾವು, ನಮ್ಮ ಅತ್ತಿ-ಅವ್ವಂದಿರು, ನಮ್ಮ ಮೊಮ್ಮಕ್ಕಳು. ಗಾಡಿಯ ಸದ್ದು ಬೀಳೂದು ನಮ್ಮ ಕಿವಿಗೆ. ಅದಕ್ಕ ಆ ಸದ್ದು ಹ್ಯಾಂಗಿರಬೇಕು ಅಂತ ಹೇಳೂ ಹಕ್ಕು ನಮಗೂ ಅದ.

ವಿಷಯ ಏನಂದ್ರ, ಈಗ ಗಾಡಿಗೆ ಸುಳ್ಳ ಸದ್ದ ಹಾಕಸೂ ಹುಚ್ಚು ಹಿಡದದ. ಇಂಜಿನ್ನೇ ಇಲ್ಲದ ಕರೆಂಟ್ ಗಾಡಿಗೆ ಇಂಜಿನ್ನಿನ ಸದ್ದು. ಸಣ್ಣ ಇಂಜಿನ್ನಿನ ಗಾಡಿಗೆ ದೊಡ್ಡ ಇಂಜಿನ್ನಿನ ಸದ್ದು. ನಮ್ಮ ಬಳಗದಾಗನ ಇಬ್ಬರು ಹುಡುಗೂರು ಹಾಕಿಸ್ಯಾರ, ಮೂರನೇಯಾಂವ ರೊಕ್ಕ ಕೂಡಸ್ಲಿಕತ್ತಾನ. ಹ್ಯಾಂಗ ಕೆಲಸ ಮಾಡ್ತದ ಅಂತ ನಾನೂ ಕೂತು ಕೇಳಿ ತಿಳಕೊಂಡೆ. ಗಾಡಿ ಕೆಳಗ, ಹಿಂದಿನ ಬಂಪರ್ ಹತ್ರ, ನೀರ ಹೋಗಧಂಗ ಬಿಗಿದ ಒಂದು ಸ್ಪೀಕರ್ ಡಬ್ಬಿ ಕೂಡಸ್ತಾರ. ಇನ್ನೊಂದು ಸಣ್ಣ ಯಂತ್ರ ಗಾಡಿಯ ಒಳಗಿನ ತಂತಿಗೆ ಜೋಡಸ್ತಾರ. ಆಕ್ಸಿಲರೇಟರ್ ಎಷ್ಟ ಒತ್ಯಾರ, ವೇಗ ಎಷ್ಟ ಅದ ಅಂತ ಅದು ಓದಕೊಂಡು, ಅದಕ್ಕ ತಕ್ಕಂಗ ಡಬ್ಬಿಯೊಳಗಿಂದ ಸದ್ದ ಹೊರಡಸ್ತದ. ಯಾವ ಸದ್ದು ಬೇಕು, ಎಷ್ಟ ಜೋರ ಬೇಕು ಅಂತ ಫೋನಿನಾಗ ಆರಿಸಿಕೊಂಡ್ರ ಮುಗೀತು. ಮದವಿ ಮನ್ಯಾಗ ಸನಾದಿಯವರನ್ನ ಕರಸದ ಕ್ಯಾಸೆಟ್ಟಿನ ಸನಾದಿ ಹಚ್ಚತಿದ್ರಲ್ಲ, ಹಂಗ.

ದೊಡ್ಡ ಕಂಪನಿಗಳೂ ಇದರಾಗ ಹಿಂದ ಬಿದ್ದಿಲ್ಲ. ಫೋಕ್ಸ್‌ವ್ಯಾಗನ್‌ನವರು 'ಸೌಂಡ್‌ಆಕ್ಟರ್' ಅಂತ ಮುಂದಿನ ಗಾಜಿನ ಬುಡಕ್ಕ ನಡಗೂ ಡಬ್ಬಿ ಇಟ್ಟು, ಒಳಗ ಕೂತವರಿಗೆ ಇಂಜಿನ್ ಗುಡುಗಿಧಂಗ ಕೇಳಸೂವಂಥ ಗಾಡಿ ಮಾರ್ಯಾರ. ಅಮೆರಿಕಾದ ಡಾಜ್ ಕಂಪನಿಯಂತೂ 2022ರಾಗ ತನ್ನ ಕರೆಂಟ್ ಚಾರ್ಜರ್ ಗಾಡಿಯ ಮಾದರಿ ತೋರಸೂ ಮುಂದ, ಇದು 126 ಡೆಸಿಬಲ್ ಸದ್ದ ಮಾಡ್ತದ ಅಂತ ಹೆಮ್ಮಿಲೆ ಹೇಳಿಕೊಂಡಿತು. ಸದ್ದ ಇಲ್ಲದ ಗಾಡಿ ಕಂಡುಹಿಡೀಲಿಕ್ಕೆ ಇಷ್ಟ ವರ್ಷ ತಿಪ್ಪರಲಾಗ ಹಾಕಿ, ಕಂಡುಹಿಡದ ಮ್ಯಾಲೆ ಅದಕ್ಕ ಸದ್ದ ಅಂಟಸ್ಲಿಕ್ಕೆ ಮತ್ತ ರೊಕ್ಕಾ ಸುರಿಯೂದು! ತುಂಬಿದ ಕೊಡ ತುಳುಕೂದಿಲ್ಲ ಅಂತ ನಮ್ಮ ಹಿರ್ಯಾರು ಅಂತಿದ್ರು. ಈಗ ಖಾಲಿ ಕೊಡಕ್ಕ ಸ್ಪೀಕರ್ ಕಟ್ಯಾರ.

ಹಂಗಂತ ನಾ ಎಲ್ಲಾ ಸದ್ದಿನ ವೈರಿ ಅಲ್ಲ. ಇಲ್ಲೇ ನನ್ನ ಮುಖ್ಯ ಮಾತು ಅದ, ಸಾವಕಾಶ ಕೇಳ್ರಿ.

ಹಿಂದಕ ನಮ್ಮ ಮನಿಗಳೊಳಗ ಹಿರ್ಯಾರು ಹೊರಗಿಂದ ಬಂದ್ರ, ಹೊಚ್ಚಲದಾಗ ನಿಂತು ಒಮ್ಮೆ ಕೆಮ್ಮತಿದ್ರು. ಅವರ ಗಂಟಲ ಏನೂ ಕೆಟ್ಟಿರತಿರಲಿಲ್ಲ. 'ನಾ ಬಂದೇನಿ, ಸೆರಗ ಸರಿ ಮಾಡಕೋರಿ, ಕೂಸಿಗೆ ಹಾಲ ಕುಡಸವರು ಇದ್ರ ಆ ಕಡೆ ತಿರಗ್ರಿ' ಅನ್ನೂದೆಲ್ಲಾ ಆ ಒಂದ ಕೆಮ್ಮಿನಾಗ ಇರ್ತಿತ್ತು. ಎತ್ತಿನ ಕೊಳ್ಳಾಗಿನ ಗಂಟಿನೂ ಹಂಗನ. ಕತ್ತಲ್ಯಾಗ ಬಂಡಿ ಬರ್ಲಿಕತ್ತದ ಅಂತ ಎದುರಿನವರಿಗೆ ಗೊತ್ತಾಗಿ ಹಾದಿ ಬಿಡ್ತಿದ್ರು. ಕೆಮ್ಮು, ಗಂಟಿ ಎರಡೂ ಕೇಳವರ ಸಲುವಾಗಿ ಇದ್ದ ಸದ್ದು. ಗರ್ಜನಿ ಹಂಗಲ್ಲ, ಅದು ಮಾಡವರ ಸಲುವಾಗಿ ಇರೂ ಸದ್ದು. ಗಾಡಿಗೆ ಸದ್ದ ಹಾಕಸೂ ಮುಂದ ಕೇಳಬೇಕಾದ ಪ್ರಶ್ನಿ ಒಂದ: ಇದು ಯಾರ ಸಲುವಾಗಿ?

ಕರೆಂಟ್ ಗಾಡಿ ಕೆಮ್ಮೂ ಅವಶ್ಯಕತಿ ಖರೇನ ಅದ. ವೇಗ ಹೆಚ್ಚಾದ್ರ ಯಾವ ಗಾಡಿಯಾದ್ರೂ ಟಾಯರು ರಸ್ತೆಗೆ ತಿಕ್ಕಿ ಸದ್ದ ಬರ್ತದ, ಗಾಳಿ ಸೀಳೂ ಸದ್ದ ಬರ್ತದ. ಅಲ್ಲೆ ಇಂಜಿನ್ ಇದ್ರೇನು, ಇಲ್ಲದಿದ್ರೇನು, ಕೇಳಸ್ತದ. ತ್ರಾಸ ಇರೂದು ಸಾವಕಾಶ ಹೋಗೂ ಮುಂದ. ತಾಸಿಗೆ 10, 15 ಕಿಲೋಮೀಟರಿನಾಗ ಓಣ್ಯಾಗ ತಿರಗೂ ಮುಂದ, ಗೇಟಿನಿಂದ ಹಿಂದ ಹಿಂದ ಬರೂ ಮುಂದ, ಕರೆಂಟ್ ಗಾಡಿ ಬೆಕ್ಕಿನಂಗ ಬರ್ತದ. ಬ್ರಿಟನ್ನಿನಾಗ 2013ರಿಂದ 2017ರ ತನಕದ ಅಪಘಾತದ ಲೆಕ್ಕ ತಗದು, ಲಂಡನ್ನಿನ ಸಂಶೋಧಕರು 2024ರಾಗ ಒಂದು ಅಧ್ಯಯನ ಪ್ರಕಟ ಮಾಡಿದ್ರು. ಓಡಿದ ಮೈಲಿಗೆ ಹೋಲಿಸಿದ್ರ, ಕರೆಂಟ್ ಮತ್ತ ಹೈಬ್ರಿಡ್ ಗಾಡಿಗಳು ನಡಕೊಂಡು ಹೋಗವರಿಗೆ ಬಡಿಯೂ ಪ್ರಮಾಣ ಪೆಟ್ರೋಲ್-ಡೀಸೆಲ್ ಗಾಡಿಗಳದಕ್ಕಿಂತ ಸುಮಾರು ಎರಡು ಪಟ್ಟು. ಊರೊಳಗ ಇನ್ನೂ ಹೆಚ್ಚು. ಎಲ್ಲಾದಕ್ಕೂ ಸದ್ದ ಇಲ್ಲದ್ದ ಕಾರಣ ಅಂತ ನಾ ಹೇಳೂದಿಲ್ಲ. ಆದ್ರ ಕಿವಿಯನ್ನ ನಂಬಿ ನಡಿಯವರ ಕಿವಿ ಕಟ್ಟಿದ್ರ ಏನಾಗ್ತದ ಅಂತ ತಿಳೀಲಿಕ್ಕೆ ಭಾಳ ಬುದ್ಧಿ ಬೇಕಾಗಿಲ್ಲ.

ನಮ್ಮ ಓಣ್ಯಾಗ ಕಿವಿ ನಂಬಿ ನಡಿಯವರು ಎಷ್ಟ ಮಂದಿ ಅದಾರ, ಎಣಸ್ರಿ. ಮೋತಿಬಿಂದು ಆದ ನಮ್ಮ ಅತ್ತಿಯವರಿಗೆ ಗ್ಯಾಸಿನ ಆಟೋ ಯಾವುದು, ಹಾಲಿನ ಗಾಡಿ ಯಾವುದು, ಬಸ್ಸ ಯಾವುದು ಅಂತ ಎಲ್ಲಾ ಸದ್ದಿಲೇ ಗೊತ್ತು. ಕಣ್ಣ ಪೂರಾ ಕಾಣದವರು ಬಡಗಿ ಹಿಡಕೊಂಡು ರಸ್ತೆ ದಾಟೂದು ಕಿವಿಲೇ. ಚೆಂಡಿನ ಹಿಂದ ಓಡೂ ಹುಡುಗೂರು ತಿರುಗಿ ನೋಡೂದು ಸದ್ದ ಕೇಳಿದ ಮ್ಯಾಲೇನ. ಇನ್ನ ನಾವು? ಬೆಳಿಗ್ಗೆ ಆರಕ್ಕ ಅಂಗಳ ಸಾರಿಸಿ ರಂಗೋಲಿ ಹಾಕೂ ಮುಂದ ನಾವು ಕೂಡೂದು ರಸ್ತೆಗೆ ಬೆನ್ನ ಮಾಡಿ. ನೆಲದ ಮಟ್ಟಕ್ಕ ಕುಕ್ಕರಗಾಲಲೇ ಕೂತವರು ಹಿಂದಿನ ಕನ್ನಡ್ಯಾಗ ಕಾಣಸೂದೂ ಕಷ್ಟ.

ಹೋದ ಶ್ರಾವಣದಾಗ ನಮ್ಮ ತಂಗಿ ಹಂಗ ಕೂತು ಚುಕ್ಕಿ ಇಡ್ಲಿಕತ್ತಿದ್ಲು. ಮಗ್ಗಲ ಮನಿಯ ಕರೆಂಟ್ ಕಾರು ಗೇಟಿನಿಂದ ಹಿಂದ ಬಂತು. ಅಕಿಗೆ ಗೊತ್ತಾಗಿದ್ದು ಸೆರಗಿನ ತುದಿ ಟಾಯರ್ ಕೆಳಗ ಸಿಕ್ಕು ಎಳದಾಗ. ಕೂಗಿದ್ಲು, ಗಾಡಿ ನಿಂತಿತು, ದೇವರು ದೊಡ್ಡಾಂವ. ಗಾಡಿ ನಡಸೂ ಹುಡುಗ ಭಾಳ ಸಭ್ಯ, ನಡಗಿ ನೀರಾಗಿ ಹೋದ. ಅವನ ತಪ್ಪ ಎಷ್ಟರೆ ಇರಲಿ, ಆ ಗಾಡಿ ಒಂದ ಸಲ ಕೆಮ್ಮಿದ್ರ ಅಕಿ ಎದ್ದು ಸರೀತಿದ್ಲು ಅನ್ನೂದಂತೂ ಖರೇ.

ಇದಕ್ಕ ಜಗತ್ತು ಸುಮ್ಮನ ಕೂತಿಲ್ಲ. ಅಮೆರಿಕಾದ ಅಂಧರ ಸಂಘಟನಿಯವರು ವರ್ಷಗಟ್ಟಲೆ ಗುದ್ದಾಡಿದ್ರು, ಅಲ್ಲೆ ಇದರ ಸಲುವಾಗಿ ಕಾಯದೆನ ಬಂತು. ಜಪಾನದಾಗ 2010ರಾಗ ಮಾರ್ಗಸೂಚಿ ಆತು. ವಿಶ್ವಸಂಸ್ಥೆಯ ಗಾಡಿ ನಿಯಮಗಳೊಳಗ 138ನೇದ್ದು ಇದರದ್ದ. ಯುರೋಪಿನಾಗ 2019ರ ಜುಲೈದಿಂದ ಹೊಸ ಮಾದರಿಗೆ, 2021ರ ಜುಲೈದಿಂದ ಎಲ್ಲಾ ಹೊಸ ಕರೆಂಟ್, ಹೈಬ್ರಿಡ್ ಗಾಡಿಗಳಿಗೆ ಈ ಸದ್ದು ಕಡ್ಡಾಯ. ಅದಕ್ಕ ಅವಾಸ್ ಅಂತಾರ. ಇದರ ಅಳತಿ ನೋಡ್ರಿ, ಎಷ್ಟ ಹದವಾಗಿ ಅದ: ಗಾಡಿ ಸರದಾಗಿಂದ ತಾಸಿಗೆ 20 ಕಿಲೋಮೀಟರ್ ತನಕ, ಮತ್ತ ಹಿಂದ ಬರೂ ಮುಂದ ಸದ್ದ ಬರಬೇಕು. 10 ಕಿಲೋಮೀಟರ್ ವೇಗದಾಗ 50 ಡೆಸಿಬಲ್, 20ರಾಗ 56 ಡೆಸಿಬಲ್, ಇದಕ್ಕಿಂತ ಕಡಿಮಿ ಇರಬಾರದು. 75 ಡೆಸಿಬಲ್ ದಾಟಬಾರದು. ವೇಗ ಏರಿಧಂಗ ದನಿ ಏರಬೇಕು, ಇಳಿಧಂಗ ಇಳೀಬೇಕು, ಕಣ್ಣ ಮುಚ್ಚಿದವರಿಗೂ ಗಾಡಿ ಹತ್ರ ಬರ್ಲಿಕತ್ತದೋ ದೂರ ಹೊಂಟದೋ ಅಂತ ತಿಳೀಬೇಕು. ಸಾಂಬಾರಿಗೆ ಉಪ್ಪು ಹಾಕಿಧಂಗ ಅದ, ಕಡಿಮಿನೂ ಅಲ್ಲ, ಹೆಚ್ಚೂ ಅಲ್ಲ.

ನಮ್ಮ ದೇಶದಾಗೂ 2025ರ ಸೆಪ್ಟೆಂಬರಿನಾಗ ಕೇಂದ್ರದ ಸಾರಿಗೆ ಮಂತ್ರಾಲಯ ಕರಡು ಹೊರಡಸ್ತು. ಕರೆಂಟ್ ಕಾರು, ಬಸ್ಸು, ಲಾರಿಗಳ ಹೊಸ ಮಾದರಿಗೆ 2026ರ ಅಕ್ಟೋಬರ್ 1ರಿಂದ, ಈಗಾಗಲೇ ತಯಾರಾಗ್ಲಿಕತ್ತ ಮಾದರಿಗೆ 2027ರ ಅಕ್ಟೋಬರ್ 1ರಿಂದ ಅವಾಸ್ ಇರಬೇಕು ಅಂತ ಅದರ ಪ್ರಸ್ತಾವ. ಛೊಲೋ ಆತು. ಆದ್ರ ಅದು ಮಾತಾಡೂದು ಕಾರಖಾನ್ಯಾಗ ತಯಾರಾಗೂ ಗಾಡಿ ಬಗ್ಗೆ. ನಮ್ಮ ಪೋರ್ಚಿನಾಗ ಈಗ ನಿಂತ ಗಾಡಿ ಬಗ್ಗೆ ವಿಚಾರ ಮಾಡೂದು ನಮ್ಮ ಪಾಲಿಗೇ ಉಳೀತದ. ಓಣಿ ತುಂಬ ಓಡೂ ಕರೆಂಟ್ ಸ್ಕೂಟರ್‌ಗಳೂ ಆ ಪಟ್ಟ್ಯಾಗ ಇಲ್ಲ.

ಈಗ ನಮ್ಮ ಹುಡುಗೂರ ಡಬ್ಬಿಗೆ ಬರೋಣ. "ಮೌಶಿ, ನೀವ ಹೇಳ್ತೀರಿ ಗಾಡಿಗೆ ಸದ್ದ ಬೇಕಂತ, ನಾವು ಹಾಕಿಸೇವಿ, ಮತ್ತ್ಯಾಕ ಬೈತೀರಿ?" ಅಂತ ಕೇಳ್ತಾರ. ಮಾತು ಕೇಳ್ಲಿಕ್ಕೆ ಬರೋಬ್ಬರಿ ಅನಸ್ತದ, ಒಡದು ನೋಡಿದ್ರ ಪೊಳ್ಳು. ಅವರ ಸದ್ದು ಆಕ್ಸಿಲರೇಟರ್ ಒತ್ತಿದಾಗ ಏರ್ತದ. ಎಲ್ಲೆ ಟಾಯರಿನ ಸದ್ದು ಮೊದಲ ಅದನೋ, ಅಲ್ಲೆ ಗರ್ಜಸ್ತದ. ಗೇಟಿನಿಂದ ಹಿಂದ ಬರೂ ಮುಂದ, ಅಜ್ಜಿ ಮಗ್ಗಲಿಗೆ ಹಾಯೂ ಮುಂದ ಅವರು ಏನ ಮಾಡ್ತಾರ? ಅಪ್ಪ ಬೈತಾನ ಅಂತ ಫೋನಿನಾಗ ಬಂದ್ ಮಾಡ್ತಾರ! ಬೇಕಾದಲ್ಲೆ ಇಲ್ಲ, ಬ್ಯಾಡಾದಲ್ಲೆ ಅದ. ಮಳಿ ಬಂದಾಗ ಮುಚ್ಚಿ, ಬಿಸಲಾಗ ಬಿಚ್ಚೂ ಕೊಡಿಗೆ ಸುರಕ್ಷೆ ಅಂತ ಹೆಸರ ಇಟ್ರ ಆತೇನು? ಅದಕ್ಕ ನೋಡ್ರಿ, ಯುರೋಪಿನ ನಿಯಮದಾಗ ನಡಸವರು ತಮಗ ಬೇಕಾದಾಗ ಆ ಸದ್ದ ಬಂದ್ ಮಾಡೂ ಬಟನ್‌ನ ಇರಬಾರದು ಅಂತ ಅದ.

"ಹಾರ್ನ್ ಅದಲ್ಲ, ಮತ್ತ ಕೆಮ್ಮ್ಯಾಕ?" ಅಂತ ಇನ್ನೊಬ್ಬರು ಅಂತಾರ. ಹಾರ್ನ್ ಹೊಡಿಯೂದು ಯಾವಾಗ? ನಡಸಾಂವ ನಿಮ್ಮನ್ನ ನೋಡಿದಾಗ. ಕೆಮ್ಮು ಬೇಕಾಗೂದು ಅಂವ ನಿಮ್ಮನ್ನ ನೋಡದಿದ್ದಾಗ. ರಂಗೋಲಿ ಮುಂದ ಕೂತ ನಮ್ಮ ತಂಗಿಯನ್ನ ಆ ಹುಡುಗ ನೋಡಿದ್ರ ಹಾರ್ನ್ ಅಲ್ಲ, ಬ್ರೇಕ ಹಾಕತಿದ್ದ.

"ನನ್ನ ರೊಕ್ಕ, ನನ್ನ ಹವ್ಯಾಸ" ಅನ್ನೂದು ಮೂರನೇ ಮಾತು. ಗಾಜ ಏರಿಸಿ, ಒಳಗ ಒಬ್ಬನ ಕೂತು, ಹುಲಿ ಸದ್ದಾದ್ರೂ ಕೇಳು, ಆನಿ ಸದ್ದಾದ್ರೂ ಕೇಳು, ನನ್ನ ತಕರಾರಿಲ್ಲ. ಸ್ಪೀಕರ್ ಗಾಡಿ ಹೊರಗ ಕಟ್ಟಿದಿ ಅಂದ್ರ ಅದು ನಿನ್ನ ಹವ್ಯಾಸ ಉಳೀಲಿಲ್ಲ, ನನ್ನ ನಿದ್ದಿಯ ಸುದ್ದಿ ಆತು. ನಮ್ಮ ಓಣ್ಯಾಗ ಈಗ ಒಂದ ಮನ್ಯಾಗ ಬಾಣಂತಿ ಇದ್ದಾಳ, ಇನ್ನೊಂದ ಮನ್ಯಾಗ ಎದಿ ಆಪರೇಷನ್ ಆದ ಹಿರ್ಯಾರು. ರಾತ್ರಿ ಹನ್ನೊಂದೂವರಿಗೆ ಆ ಸುಳ್ಳ ಇಂಜಿನ್ ಗುಡುಗಿತಂದ್ರ ಕೂಸು ಬೆಚ್ಚಿ ಅಳ್ತದ, ಅದರ ತಾಯಿ ಮತ್ತ ಒಂದ ತಾಸು ತೊಟ್ಟಲ ತೂಗಬೇಕು. ಆ ತಾಸಿನ ರೊಕ್ಕ ಯಾರು ಕೊಡ್ತಾರ? ಅಕಿಯ ನಿದ್ದಿಗೆ ಬೆಲಿ ಇಲ್ಲ ಅಂತನ ಎಲ್ಲಾರೂ ಲೆಕ್ಕ ಹಿಡಿದಾರ.

ಸರಕಾರದ ಲೆಕ್ಕದಾಗ ಆದ್ರೂ ಬೆಲಿ ಅದ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಮನಿಗಳಿದ್ದ ಜಾಗಾದಾಗ ಹಗಲಿ 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ 45 ಡೆಸಿಬಲ್ ಮಿತಿ. ದವಾಖಾನಿ, ಶಾಲಿ ಸುತ್ತ 100 ಮೀಟರಿನ ನಿಶ್ಶಬ್ದ ವಲಯದಾಗ ಇನ್ನೂ ಕಡಿಮಿ, 50 ಮತ್ತ 40. ಡೆಸಿಬಲ್ ಅಂದ್ರ ಸಾದಾ ಕೂಡಸೂ ಲೆಕ್ಕ ಅಲ್ಲ. 10 ಏರಿತಂದ್ರ ಸದ್ದಿನ ಶಕ್ತಿ ಹತ್ತು ಪಟ್ಟು ಏರ್ತದ, ಕಿವಿಗೆ ಸುಮಾರು ಎರಡು ಪಟ್ಟು ಜೋರ ಕೇಳಸ್ತದ. ಮೋಟಾರು ವಾಹನ ಕಾಯದೆಯ 52ನೇ ಕಲಮಿನಾಗ, ನೋಂದಣಿ ಪುಸ್ತಕದಾಗಿನ ಕಂಪನಿ ವಿವರಕ್ಕ ಹೊಂದದಂಗ ಗಾಡಿ ಬದಲ ಮಾಡಬಾರದು ಅಂತ ಅದ. ಮಾಡಿದ್ರ ಮಾಲಕರಿಗೆ ಒಂದೊಂದು ಬದಲಾವಣಿಗೂ 5,000 ರೂಪಾಯಿ ದಂಡ ಇಲ್ಲಾ ಆರು ತಿಂಗಳ ತನಕ ಜೈಲು. ಸದ್ದಿನ ಮಿತಿ ಮೀರಿ ಗಾಡಿ ನಡಸಿದ್ರ 190ನೇ ಕಲಮಿನಾಗ ಮೊದಲನೇ ಸಲಕ್ಕ 10,000ದ ತನಕ ದಂಡ, ಇಲ್ಲಾ ಮೂರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಲೈಸೆನ್ಸೂ ಮೂರು ತಿಂಗಳು ಹೋಗ್ತದ. ಗಾಡಿ ಯಾರ ಹೆಸರಿಲೆ ಅದ ಅಂತ ಒಮ್ಮೆ ನೆನಸ್ರಿ. ಭಾಳ ಮನಿಗಳೊಳಗ ಅಪ್ಪನ ಹೆಸರಿಲೆ, ಇಲ್ಲಾ ಅವ್ವನ ಹೆಸರಿಲೆ!

"ಹಬ್ಬದಾಗ ಡಿಜೆ ಹಚ್ಚತಾರ, ಪಟಾಕಿ ಹೊಡೀತಾರ, ಅದಕ್ಕ ಏನೂ ಅನ್ನೂದಿಲ್ಲ, ನಮ್ಮ ಗಾಡಿನ ಕಣ್ಣಿಗೆ ಬಿತ್ತೇನು?" ಅನ್ನೂದು ಕಡೀ ಬಾಣ. ಅದಕ್ಕೂ ಅಂತೇನಪಾ. ಮಗ್ಗಲ ಮನ್ಯಾಗ ಹೊಲಸ ಅದ ಅಂತ ನಮ್ಮನ್ಯಾಗಿನ ಕಸಾ ಹೊಡೀದನ ಕೂಡ್ಲಿಕ್ಕೆ ಆಗ್ತದೇನು? ಮೊದಲ ನಮ್ಮ ಅಂಗಳ.

ಇನ್ನೊಂದ ಪಂಗಡದವರಿಗೂ ಒಂದ ಮಾತು ಹೇಳಬೇಕು. ಅವರು ಗರ್ಜಿಸವರಲ್ಲ, ಶಾಂತಿಪ್ರಿಯರು. "ಕರೆಂಟ್ ಗಾಡಿ ತಗೊಂಡಿದ್ದ ಸದ್ದ ಬ್ಯಾಡ ಅಂತ, ಈ ಕುಂಯ್ ಅನ್ನೂ ದನಿ ಯಾಕ" ಅಂತ ಕಂಪನಿ ಹಾಕಿಕೊಟ್ಟ ಅವಾಸಿನ ತಂತಿನ ಕಿತ್ತಿಸ್ತಾರ. ಇವರ ತಪ್ಪು ಆ ಹುಡುಗೂರ ತಪ್ಪಿಗಿಂತ ಸಣ್ಣದಲ್ಲ. ಹುಡುಗೂರು ನಿದ್ದಿ ಕೆಡಸ್ತಾರ, ಇವರು ಎಚ್ಚರಾ ಕೆಡಸ್ತಾರ. ನಿಮ್ಮ ಗಾಡ್ಯಾಗಿನ ಶಾಂತಿ ನಿಮಗ ಗಾಜಿನ ಒಳಗ ಸಿಗ್ತದ. ಗಾಜಿನ ಹೊರಗಿನವರಿಗೆ ಬೇಕಾದ್ದು ಸುಳಿವು.

ಇನ್ನ ನಾವು ಮಾಡೂದು ಏನು? ಗಾಡಿ ಸಾಲಕ್ಕ ಸಹಿ ಹಾಕೂ ಮುಂದ ನಮ್ಮನ್ನ ಕರೀತಾರ. ಹೊಸಾ ಗಾಡಿ ಬಂದ ದಿವಸ ಆರತಿ ಮಾಡಿ, ಗಾಲಿ ಕೆಳಗ ನಿಂಬಿಹಣ್ಣ ಇಟ್ಟು, ಕಾಯಿ ಒಡಸೂ ಮುಂದ ನಮ್ಮನ್ನ ಕರೀತಾರ. ಹಂಗಾರ ನಮ್ಮ ಮಾತೂ ಕೇಳಲಿ. ಕರೆಂಟ್ ಗಾಡಿ ನೋಡ್ಲಿಕ್ಕೆ ಹೋದ್ರ ಸೀಟಿನ ಬಣ್ಣ ಆಮ್ಯಾಲೆ ನೋಡ್ರಿ, ಮೊದಲ "ಇದಕ್ಕ ಅವಾಸ್ ಅದನೋ ಇಲ್ಲೋ" ಅಂತ ಕೇಳ್ರಿ. ಕೆಲವಕ್ಕ ಹಾಕೇ ಕೊಡ್ತಾರ, ಕೆಲವಕ್ಕ ಇರೂದಿಲ್ಲ. ಒಬ್ಬರು ಗಾಡ್ಯಾಗ ಕೂಡ್ರಿ, ಒಬ್ಬರು ಮಗ್ಗಲಿಗೆ ದೂರ ಸರದು ನಿಂತು ಕಣ್ಣ ಮುಚ್ಚಿ, ಗಾಡಿ ಸಾವಕಾಶ ಹಿಂದ ತಗೋಲಿಕ್ಕೆ ಹೇಳ್ರಿ. ಕೇಳಿಸಿದ್ರ ಮುಂದಿನ ಮಾತು.

ಮನ್ಯಾಗ ಈಗಾಗಲೇ ಇರೂ ಗಾಡಿಗೆ ಇಲ್ಲದಿದ್ರ, ಕಂಪನಿಯ ಸರ್ವಿಸ್ ಕೇಂದ್ರದಾಗನ ಕೇಳ್ರಿ, ಅವರು ಒಪ್ಪಿದ್ದು ಇದ್ರ ಅವರ ಕೈಲೇ ಹಾಕಸ್ರಿ. ರಸ್ತೆ ಬದಿ ಅಂಗಡ್ಯಾಗ ಗಾಡಿಯ ತಂತಿ ಕೊಯ್ಯಿಸಿ ಜೋಡಸಬ್ಯಾಡ್ರಿ. ಅದು ವಾರಂಟಿಗೂ ಕುತ್ತು, ಗಾಡಿಗೂ ಕುತ್ತು. ಏನೂ ಸಿಗದಿದ್ರ ಗೇಟಿನಿಂದ ಹಿಂದ ಬರೂ ಮುಂದ ಒಬ್ಬರು ಇಳದು ಹಿಂದ ನೋಡೂದು, ಇಲ್ಲಾ ಗಾಜ ಇಳಿಸಿ "ಬರ್ಲಿಕತ್ತೇವ್ರಿ" ಅಂತ ಒಂದ ದನಿ ಹಾಕೂದು. ರೊಕ್ಕ ಹತ್ತೂದಿಲ್ಲ. ಕರೆಂಟ್ ಸ್ಕೂಟರಿನ ಹುಡುಗ್ಯಾರಿಗೂ ಇದನ್ನ ಹೇಳ್ರಿ, ತಿರುವಿನಾಗ ಸಾವಕಾಶ, ಅಜ್ಜಿ ಕಂಡ್ರ ಒಂದ ಸಣ್ಣ ಹಾರ್ನು.

ಆ ಗರ್ಜಿಸೂ ಡಬ್ಬಿ ಹಾಕಿಸಿದವರ ಅವ್ವಂದಿರಿಗೆ, ಅಕ್ಕಂದಿರಿಗೆ ನೇರ ಹೇಳ್ತೇನಿ, ಸಿಟ್ಟ ಬಂದ್ರೂ ಅಡ್ಡಿಯಿಲ್ಲ. ಬರೂ ರವಿವಾರ ತಗಸ್ರಿ. ಹುಡುಗ ಒಂದೆರಡ ದಿವಸ ಮಾರಿ ಊದಿಸಿಕೊಂಡು ಊಟಾ ಬಿಡ್ತಾನ, ಮೂರನೇ ದಿವಸ ತಾನ ಬಂದು ತಾಟ ಹಾಕ್ಕೋತಾನ. ಬಾಣಂತಿ ಮನಿಯವರು ನಿಮ್ಮನ್ನ ಹರಸ್ತಾರ. ಹಾದಿಯೊಳಗ ನಡಿಯವರಿಗೆ 'ನಾ ಬಂದೇನಿ' ಅಂತ ಹೇಳೂದು ಮರ್ಯಾದಿ. 'ನಾ ಯಾರು ಗೊತ್ತೇನು' ಅಂತ ಕೇಳೂದು ಸೊಕ್ಕು. ಎರಡಕ್ಕೂ ಸ್ಪೀಕರ್ ಒಂದ ನಮೂನಿನ ಇರಬಹುದು, ಆದ್ರ ನಮ್ಮ ಮನ್ಯಾಗ ಯಾವುದನ್ನ ಕಲಿಸೇವಿ ಅಂತ ಓಣಿಗೆ ಗೊತ್ತಾಗೂದು ಆ ಸ್ಪೀಕರಿನಿಂದ ಹೊರಗ ಬರೂ ಸದ್ದಿಲೇ.